ವಿಕ್ಕಾ ಮತವೂ ನಮ್ಮ ನೋಂಪಿಯೂ



ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡುತ್ತಿರುವ ನನ್ನ ಅಣ್ಣನ ಮೊಮ್ಮಗಳು ಕಳೆದ ದಶಲಕ್ಷಣ ಪರ್ವದ ಕಾಲಕ್ಕೆ ಶಿಕಾರಿಪುರಕ್ಕೆ ಬಂದಿದ್ದಳು. ಉತ್ತಮ ಶೌಚದ ದಿನ ಸ್ವಾಧ್ಯಾಯ ಮುಗಿಸಿ ಕುಳಿತಿದ್ದಾಗ ಅವಳು ಕೇಳಿದಳು: "ಅಜ್ಜ, ನನ್ನ ಸಹಪಾಠಿಯೊಬ್ಬಳು ವಿಕ್ಕಾ ಎಂಬ ಮತವನ್ನು ಅನುಸರಿಸುತ್ತಾಳೆ. ಅವಳಿಗೆ ನಮ್ಮ ಧರ್ಮದ ವಿಷಯ ಹೇಳಿದಾಗ, 'ಹಾಗಾದರೆ ನಿಮ್ಮವರೂ ನಮ್ಮಂತೆಯೇ' ಎಂದಳು. ನಾನು ಏನು ಹೇಳಬೇಕಿತ್ತು?" ನಾನು ಮುಖ ಗಂಟಿಕ್ಕಿಕೊಂಡು, "ಅದು ಮಾಟಗಾತಿಯರ ಮತ. ಅದರ ಮಾತು ನಮಗೇಕೆ?" ಎಂದುಬಿಟ್ಟೆ. ಮೂವತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಕೊಡತಕ್ಕ ಉತ್ತರ ಅದಲ್ಲ. ಅವಳು ಹೋದ ಮೇಲೆ ಆ ಮತದ ವಿಷಯವಾಗಿ ದೊರೆತಷ್ಟನ್ನು ಓದಿದೆನು. ಓದಿದ ಮೇಲೆ ಅವಳ ಪ್ರಶ್ನೆಗಿಂತ ನನ್ನ ಉತ್ತರವೇ ನನ್ನನ್ನು ಹೆಚ್ಚು ಕಾಡತೊಡಗಿತು.

ಆ ಮತವು ಪ್ರಾಚೀನವೆಂದು ಅದರ ಅನುಯಾಯಿಗಳಲ್ಲಿ ಕೆಲವರು ನಂಬುವುದುಂಟು. ಆದರೆ ಈಗ ನಾವು ಕಾಣುವ ವಿಕ್ಕಾ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಜೆರಾಲ್ಡ್ ಗಾರ್ಡ್ನರ್ ಎಂಬಾತ (1884–1964) ಅದನ್ನು ಲೋಕದ ಮುಂದೆ ತಂದವನು. ಆತ ಸಿಂಹಳ, ಮಲಯ ದೇಶಗಳ ತೋಟಗಳಲ್ಲಿಯೂ ಸುಂಕದ ಇಲಾಖೆಯಲ್ಲಿಯೂ ಬಹುಕಾಲ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದವನು. ಇಂಗ್ಲೆಂಡಿನ 1735ರ ಮಾಟದ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಆತನ ಪುಸ್ತಕ ಹೊರಬಂದಿತು. ಕ್ರೈಸ್ತಮತಕ್ಕೂ ಹಿಂದಿನ ಒಂದು ಮಾಟಗಾರ ಸಂಪ್ರದಾಯ ಯೂರೋಪಿನಲ್ಲಿ ಗುಟ್ಟಾಗಿ ಉಳಿದು ಬಂದಿತ್ತೆಂದು ಮಾರ್ಗರೆಟ್ ಮರ್ರೆ ಎಂಬ ವಿದುಷಿ 1921ರಲ್ಲಿ ವಾದಿಸಿದ್ದಳು. ಗಾರ್ಡ್ನರ್ ಅದನ್ನೇ ಆಧಾರವಾಗಿ ಹಿಡಿದನು. ಇತಿಹಾಸಜ್ಞರು ಆ ವಾದವನ್ನು ಅನಂತರ ಒಪ್ಪಲಿಲ್ಲ.

ಅವರು ಸೈತಾನನನ್ನು ಪೂಜಿಸುವರೆಂಬ ಮಾತೂ ಸರಿಯಲ್ಲ. ಸೈತಾನನೆಂಬುವನು ಕ್ರೈಸ್ತಮತದ ಕಲ್ಪನೆ. ಇವರು ಅವನನ್ನು ಒಪ್ಪುವುದೇ ಇಲ್ಲ. ಒಬ್ಬ ದೇವಿ, ಕೊಂಬುಳ್ಳ ಒಬ್ಬ ದೇವ, ಋತುಚಕ್ರ, ಹುಣ್ಣಿಮೆ, ಇವು ಅವರ ಉಪಾಸನೆಯ ವಿಷಯಗಳು. ವರ್ಷಕ್ಕೆ ಎಂಟು ಹಬ್ಬಗಳು: ಎರಡು ಅಯನ, ಎರಡು ವಿಷುವ, ಇವುಗಳ ನಡುವೆ ಬರುವ ನಾಲ್ಕು. ಎಲ್ಲರಿಗೂ ಪ್ರಮಾಣವಾದ ಒಂದು ಗ್ರಂಥವಿಲ್ಲ. ವಿಧಿಗಳನ್ನು ತಮ್ಮ ತಮ್ಮ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮಂತ್ರಪ್ರಯೋಗ ಮಾಡುವುದು ನಿಜ. ಆದರೆ ಯಾರಿಗೂ ಕೇಡಾಗದಂತೆ ಇಷ್ಟ ಬಂದುದನ್ನು ಮಾಡಬಹುದೆಂಬುದು ಅವರ ನೀತಿ. ಮಾಡಿದ್ದು ಮೂರು ಪಾಲಾಗಿ ಹಿಂದಿರುಗುವುದೆಂದು ಹಲವರ ನಂಬಿಕೆ. 1986ರಲ್ಲಿ ಅಮೆರಿಕದ ಒಂದು ಫೆಡರಲ್ ಅಪೀಲು ನ್ಯಾಯಾಲಯವು ಇದೂ ಒಂದು ಧರ್ಮವೇ ಎಂದು ತೀರ್ಮಾನಿಸಿತು. ಇಷ್ಟು ತಿಳಿದರೆ ಸಾಮಾನ್ಯ ಸಂಶಯಗಳು ತೀರುತ್ತವೆ.

ತೀರದೆ ಉಳಿಯುವುದು ಮತ್ತೊಂದು ವಿಷಯ. ಗಾರ್ಡ್ನರನ ಪರಂಪರೆಯವರು ತಮ್ಮ ಪೂಜೆಯನ್ನು ವಿವಸ್ತ್ರರಾಗಿ ಮಾಡುತ್ತಾರೆ. (ಎಲ್ಲರೂ ಅಲ್ಲ, ನಿಲುವಂಗಿ ಧರಿಸುವವರು ಬಹಳ ಮಂದಿ.) ಆ ಸ್ಥಿತಿಗೆ ಅವರು ಹೇಳುವ ಶಬ್ದ 'ಸ್ಕೈಕ್ಲಾಡ್', ಎಂದರೆ ಆಕಾಶವನ್ನೇ ಉಟ್ಟವರು. ನಮ್ಮ 'ದಿಗಂಬರ' ಶಬ್ದಕ್ಕೆ ಇಂಗ್ಲಿಷ್ ಲೇಖಕರು ಬಹುಕಾಲದಿಂದ ಹೇಳುತ್ತ ಬಂದ ಅರ್ಥವೂ ಅದೇ. ಆ ಸಹಪಾಠಿ "ನಿಮ್ಮವರೂ ನಮ್ಮಂತೆಯೇ" ಎಂದದ್ದು ಇದರಿಂದ. ಹುಡುಗಿ ಹಾಸ್ಯ ಮಾಡಲಿಲ್ಲ, ಸದ್ಭಾವದಿಂದಲೇ ಹೇಳಿದಳು. ಆದ್ದರಿಂದ ಉತ್ತರವನ್ನೂ ಸದ್ಭಾವದಿಂದಲೇ ಹುಡುಕಬೇಕಾಯಿತು.

ಇದಕ್ಕೆ ಇಂಗ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆಟ್ಟದ ಗುಹೆಯಲ್ಲಿ ರೇಣುಕಾಂಬೆಯ ಸನ್ನಿಧಿಯಿದೆ. ಅಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ಹಿರಿಯ ವಾಚಕರು ಬಲ್ಲರು. ಹರಕೆ ಹೊತ್ತ ಹೆಂಗಸರೂ ಗಂಡಸರೂ ವರದಾ ನದಿಯಲ್ಲಿ ಮಿಂದು, ವಸ್ತ್ರವಿಲ್ಲದೆ ಬೆಟ್ಟವೇರಿ ದೇವಿಯ ದರ್ಶನ ಮಾಡುತ್ತಿದ್ದರು. ಮಕ್ಕಳಾಗಲಿ, ರೋಗ ವಾಸಿಯಾಗಲಿ ಎಂಬ ಹರಕೆಗಳು. ಹೀಗೆ ಹೋಗುವವರಲ್ಲಿ ಹೆಚ್ಚಿನವರು ಬಡವರು, ದಲಿತರು. ಸೇವೆ ತಪ್ಪಿದರೆ ಅಮ್ಮ ಮುನಿಯುತ್ತಾಳೆಂಬ ಭಯ ಅವರಿಗೆ. ನೋಡಲೆಂದೇ ಬಂದು ದಾರಿಯ ಎರಡು ಮಗ್ಗುಲಲ್ಲಿ ನಿಲ್ಲುವವರಿಗೆ ಯಾವ ಭಯವೂ ಇರಲಿಲ್ಲ. 1986ರ ಮಾರ್ಚ್ ತಿಂಗಳಿನಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಇದನ್ನು ತಡೆಯಲು ಹೋದರು. ಗುಂಪು ಕೆರಳಿತು. ಕಾರ್ಯಕರ್ತರನ್ನೂ ರಕ್ಷಣೆಗೆ ಬಂದಿದ್ದ ಪೊಲೀಸರನ್ನೂ ಥಳಿಸಿ, ಅವರ ಬಟ್ಟೆಗಳನ್ನೇ ಕಿತ್ತು ನಡೆಸಿತು. ಅನಂತರ ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿ, ಸೇವೆಯನ್ನು ನಿಷೇಧಿಸಿತು.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಉಪಾಧ್ಯಾಯ. ನಮ್ಮ ಜಗಲಿಗಳಲ್ಲಿ ಆ ದಿನಗಳಲ್ಲಿ ನಡೆದ ಮಾತು ನನಗೆ ನೆನಪಿದೆ. "ನಮ್ಮ ಮುನಿಗಳನ್ನೂ ಇದರ ಜೊತೆಗೆ ಸೇರಿಸಿ ಮಾತಾಡಿಯಾರು" ಎಂಬುದೊಂದೇ ನಮ್ಮ ಚಿಂತೆಯಾಗಿತ್ತು. ಆ ಹೆಂಗಸರ ವಿಷಯವಾಗಿ ಯಾರಾದರೂ ಚಿಂತಿಸಿದರೋ? ನಾನಂತೂ ಚಿಂತಿಸಿದ ನೆನಪಿಲ್ಲ.

ಈಗ ವಿಚಾರಿಸೋಣ. ಇಂಗ್ಲೆಂಡಿನ ಉಪಾಸಕಿಗೂ ವಸ್ತ್ರವಿಲ್ಲ, ಚಂದ್ರಗುತ್ತಿಯ ಹರಕೆಯವಳಿಗೂ ಇರಲಿಲ್ಲ, ನಮ್ಮ ಮುನಿಗೂ ಇಲ್ಲ. ಕಣ್ಣಿಗೆ ಮೂರೂ ಒಂದೇ. ಬರಿಯ ನಗ್ನತೆಯಲ್ಲಿ ಏನೂ ಇಲ್ಲವೆಂಬುದನ್ನು ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ನಿಷ್ಠುರವಾಗಿ ಹೇಳಿದ್ದಾರೆ. ನಾರಕಿಗಳೂ ತಿರ್ಯಂಚರೂ ನಗ್ನರೇ ಅಲ್ಲವೇ ಎಂಬುದು ಅವರ ವಾದ. ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಆಚೇಲಕ್ಯವು ಒಂದು ಮಾತ್ರ. ಅದು ಅಪರಿಗ್ರಹದಿಂದ ಹುಟ್ಟಿದ್ದು. ಬಿಡುತ್ತ ಬಿಡುತ್ತ ಹೋದವನು ಕೊನೆಗೆ ಬಟ್ಟೆಯನ್ನೂ ಬಿಟ್ಟನು. ಮತ್ತೆ ಉಡುವ ದಿನ ಅವನಿಗಿಲ್ಲ. ವಿಕ್ಕಾದವಳು ಪೂಜೆ ಮುಗಿದೊಡನೆ ಉಡುತ್ತಾಳೆ. ಆದರೂ ಅವಳು ತನ್ನ ಇಚ್ಛೆಯಿಂದ, ತನ್ನವರ ನಡುವೆ ಕಳಚಿದವಳು. ಅದರಿಂದ ಯಾರಿಗೂ ಕೇಡಿಲ್ಲ. ಚಂದ್ರಗುತ್ತಿಯವಳು ಭಯದಿಂದ ಕಳಚಿದವಳು. ಪೊಲೀಸರದಂತೂ ಬಲಾತ್ಕಾರ, ಅದರ ಮಾತು ಬೇಡ.

ಹೀಗೆ ವಿಭಾಗ ಮಾಡಿ ಸಮಾಧಾನಪಟ್ಟುಕೊಂಡು ನಾನು ಪತ್ರ ಬರೆಯಲು ಕುಳಿತೆ. ಬರೆಯುತ್ತಿದ್ದಂತೆ ಒಂದು ಪ್ರಶ್ನೆ ಎದ್ದಿತು: ಮುನಿಯ ಮಾತು ಸರಿ, ಶ್ರಾವಕರಾದ ನಾವು ಈ ಸಾಲಿನಲ್ಲಿ ಎಲ್ಲಿದ್ದೇವೆ?

ನಮ್ಮ ಮನೆಗಳಲ್ಲಿ ನೋಂಪಿ ಹಿಡಿಯುವುದನ್ನು ನೋಡಿರಿ. ಮಗನಿಗೆ ಎಂಜಿನಿಯರಿಂಗ್ ಸೀಟು ಸಿಗಲೆಂದು ಅಷ್ಟಮಿಯ ಉಪವಾಸ. ಮಗಳ ಸಂಬಂಧ ಕೂಡಿಬರಲೆಂದು ಐದು ಶುಕ್ರವಾರ ಹೊಂಬುಜಕ್ಕೆ ಹೋಗಿ ಪದ್ಮಾವತೀ ಅಮ್ಮನವರಿಗೆ ಸೀರೆ. ನಾನೂ ಹೋದವನೇ. ಹೊಂಬುಜದ ಮೇಲಿನ ಭಕ್ತಿಯನ್ನು ನಾನು ನಿಂದಿಸುವವನಲ್ಲ. ಪದ್ಮಾವತೀ ದೇವಿ ಪಾರ್ಶ್ವನಾಥ ಸ್ವಾಮಿಯ ಶಾಸನದೇವತೆ, ಅವಳಿಗೆ ತಕ್ಕ ಗೌರವ ಸಲ್ಲಬೇಕಾದದ್ದೇ. ಆದರೆ ಸ್ವಾಮಿಯ ಎದುರು ಒಂದು ಕ್ಷಣ ಕೈಮುಗಿದು, ಯಕ್ಷಿಯ ಎದುರು ಅರ್ಧ ಗಂಟೆ ಬೇಡಿಕೆ ಸಲ್ಲಿಸುವುದನ್ನು ಏನೆನ್ನಬೇಕು? ವರವನ್ನು ಬಯಸಿ ರಾಗದ್ವೇಷಗಳುಳ್ಳ ದೇವತೆಗಳನ್ನು ಉಪಾಸಿಸುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ದೇವಮೂಢತೆಯೆಂದು ಕರೆದಿದ್ದಾರೆ. ಪುಣ್ಯವೆಂದು ತಿಳಿದು ನದಿಯಲ್ಲಿ ಮೀಯುವುದು, ಬೆಟ್ಟದಿಂದ ಬೀಳುವುದು ಲೋಕಮೂಢತೆ. ಮೊದಲನೆಯದನ್ನು ಓದುವಾಗ ಚಂದ್ರಗುತ್ತಿ ನೆನಪಾಗುತ್ತದೆ, ಎರಡನೆಯದಕ್ಕೂ ಚಂದ್ರಗುತ್ತಿಯೇ ನೆನಪಾಗುತ್ತದೆ. ನಮ್ಮ ಮನೆ ನೆನಪಾಗುವುದಿಲ್ಲ.

ಮಂತ್ರಪ್ರಯೋಗ ನಮ್ಮಲ್ಲಿಲ್ಲ ಎನ್ನುವಂತೆಯೂ ಇಲ್ಲ. ಇಂದ್ರನಂದಿಯ ಜ್ವಾಲಿನೀಕಲ್ಪ 939ರಲ್ಲಿ ಮಾನ್ಯಖೇಟದಲ್ಲಿ ಮುಗಿದದ್ದು. ಮುಳುಗುಂದದ ಮಲ್ಲಿಷೇಣರ ಭೈರವಪದ್ಮಾವತೀಕಲ್ಪದಲ್ಲಿ ವಶ್ಯ, ಸ್ತಂಭನಗಳ ವಿಧಿಗಳೇ ಇವೆ. ಇವನ್ನು ಧರ್ಮಪ್ರಭಾವನೆಗೆ ಮಾತ್ರ ಬಳಸತಕ್ಕದ್ದೆಂದು ಹಿರಿಯರು ಸಮಾಧಾನ ಹೇಳುವರು. ನನಗೆ ಗುರುಗಳು ಹೇಳಿದ್ದೂ ಅದನ್ನೇ. ಆ ಸಮಾಧಾನ ನನಗೆ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲವೆಂದು ಈ ವಯಸ್ಸಿನಲ್ಲಿ ಹೇಳಲು ಸಂಕೋಚವಿಲ್ಲ. ಇಂಥ ಗ್ರಂಥಗಳನ್ನು ಕಪಾಟಿನಲ್ಲಿಟ್ಟುಕೊಂಡವರು ಹುಣ್ಣಿಮೆಯ ರಾತ್ರಿ ಮೇಣದ ಬತ್ತಿ ಹಚ್ಚುವ ಹುಡುಗಿಯನ್ನು 'ಮಾಟಗಾತಿ' ಎನ್ನಬಾರದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿ ಯಾರೆಂಬ ನಿರ್ಣಯವಿದೆ. ಶಲ್ಯವಿಲ್ಲದವನೇ ವ್ರತಿ. ಮಾಯೆ, ಮಿಥ್ಯಾತ್ವ, ನಿದಾನ ಎಂಬಿವು ಮೂರು ಶಲ್ಯಗಳು. ನಿದಾನವೆಂದರೆ ವ್ರತದ ಫಲವಾಗಿ ಭೋಗವನ್ನು ಬಯಸುವುದು. ಮುಳ್ಳು ಕಾಲಿನಲ್ಲಿ ಇರುವ ತನಕ ಎಷ್ಟು ದೂರ ನಡೆದರೂ ನಡೆದದ್ದೆಲ್ಲ ನೋವೇ. ವಿಕ್ಕಾದವಳು ಇಷ್ಟಾರ್ಥಕ್ಕಾಗಿ ಮಂತ್ರ ಹೇಳುತ್ತೇನೆಂದು ಬಾಯಿಬಿಟ್ಟು ಹೇಳುತ್ತಾಳೆ. ಅವಳ ಮತದಲ್ಲಿ ಅದು ದೋಷವಲ್ಲ. ನಾವು ನಿರ್ಜರೆಗಾಗಿ ಎಂದು ಸಂಕಲ್ಪ ಮಾಡಿ ಮನಸ್ಸಿನಲ್ಲಿ ಸೀಟನ್ನು ಬೇಡುತ್ತೇವೆ. ನಿದಾನದ ಮೇಲೆ ಮಾಯೆಯೂ ಸೇರಿತು.

"ನೋಂಪಿಯ ಕಥೆಗಳಲ್ಲೇ ಫಲ ಹೇಳಿದೆಯಲ್ಲ, ರಾಜ್ಯ ಬಂತು, ಸಂತಾನವಾಯಿತು ಎಂದು?" ಎಂದು ಶ್ರಾವಿಕೆಯೊಬ್ಬರು ಆಕ್ಷೇಪಿಸಿದರು. ನಿಜ. ಗದ್ದೆಗೆ ನೀರು ಬಿಟ್ಟರೆ ಬದುವಿನ ಹುಲ್ಲೂ ಬೆಳೆಯುತ್ತದೆ; ಹುಲ್ಲಿಗಾಗಿ ಯಾರೂ ನೀರು ಬಿಡುವುದಿಲ್ಲ. ಫಲ ಹೇಳುವುದು ಬೇರೆ, ಫಲ ಬೇಡುವುದು ಬೇರೆ ಎಂದು ನಾನು ಉತ್ತರಿಸಿದೆ. ಕಥೆ ಓದುವ ಧಾಟಿಯಲ್ಲಿ ಆ ಭೇದ ಉಳಿಯುತ್ತಿಲ್ಲವೆಂಬ ಅವರ ಮಾತನ್ನೂ ಒಪ್ಪಿಕೊಂಡೆ.

ನಮ್ಮ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆಯ ಶಾಸನ ಅಲ್ಲಿಯದು. ಗಂಡ ತೀರಿಕೊಂಡ ಮೇಲೆ ಅಧಿಕಾರ ವಹಿಸಿಕೊಂಡು ಸಮರ್ಥಳಾಗಿ ನಡೆಸಿದಳು. ದೇಹಕ್ಕೆ ವ್ಯಾಧಿ ಬಂದಾಗ ಮಗಳಿಗೆ ಅಧಿಕಾರ ಒಪ್ಪಿಸಿ, ಬಂದಣಿಕೆಯ ಬಸದಿಗೆ ಬಂದು ಸಲ್ಲೇಖನವನ್ನು ಕೈಗೊಂಡಳು. ಅಧಿಕಾರವಿತ್ತು, ಸಂಪತ್ತಿತ್ತು, ಹರಕೆ ಹೊರುವ ಶಕ್ತಿ ಅವಳಿಗಿಂತ ಯಾರಿಗೆ ಹೆಚ್ಚಾಗಿತ್ತು? ವ್ಯಾಧಿ ಹೋಗಲೆಂದು ಅವಳು ವ್ರತ ಹಿಡಿಯಲಿಲ್ಲ. ಬಂದಳಿಕೆಗೆ ಪಿಕ್‌ನಿಕ್ಕಿಗೆ ಹೋಗುವ ನಮ್ಮ ಹುಡುಗರು ಆ ಶಾಸನದ ಸುದ್ದಿಯನ್ನಾದರೂ ಕೇಳಿರಬೇಕೆಂದು ನನ್ನ ಆಸೆ.

'ಮಾಟಗಾತಿ' ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಆಡಿದ್ದೇಕೆ ಎಂಬುದನ್ನೂ ಹೇಳಿಬಿಡಬೇಕು. ಆ ಮಾತಿನ ಭಾರವನ್ನು ನಾನು ಕಂಡವನು. ಯೂರೋಪಿನಲ್ಲಿ ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ನಲವತ್ತರಿಂದ ಅರವತ್ತು ಸಾವಿರ ಜನರನ್ನು ಆ ಹೆಸರಿನಲ್ಲಿ ಕೊಂದರೆಂದು ವಿದ್ವಾಂಸರ ಅಂದಾಜು, ಹೆಚ್ಚಿನವರು ಹೆಂಗಸರು. ನಮ್ಮ ದೇಶದಲ್ಲಿಯೂ ಬಿಹಾರ, ಜಾರ್ಖಂಡ, ಒಡಿಶಾ, ಅಸ್ಸಾಂ ರಾಜ್ಯಗಳು ಇದಕ್ಕೆಂದೇ ಕಾನೂನು ಮಾಡಬೇಕಾಯಿತು. ನಮ್ಮ ರಾಜ್ಯದ ವಾಮಾಚಾರ ತಡೆಯ ಕಾನೂನು 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದಿತು.

ನಾನು ಸೊರಬದ ಕಡೆಯ ಒಂದು ಹಳ್ಳಿಯಲ್ಲಿ ಕೆಲಸದಲ್ಲಿದ್ದಾಗ, ಊರ ಕೊನೆಯ ಮನೆಯಲ್ಲಿ ಒಬ್ಬ ವಿಧವೆ ಮುದುಕಿಯಿದ್ದಳು. ನಾರು ಬೇರು ಅರೆದು ಮಕ್ಕಳ ಜ್ವರಕ್ಕೆ ಕೊಡುತ್ತಿದ್ದಳು. ಒಂದು ವರ್ಷ ಎರಡು ಮನೆಗಳ ಹಸುಗಳು ಸತ್ತವು. ಅವಳು ಮಾಟ ಮಾಡಿದಳೆಂದು ಸುದ್ದಿಯಾಯಿತು. ಅವಳ ಮೊಮ್ಮಗಳು ನನ್ನ ತರಗತಿಯಲ್ಲಿದ್ದಳು. ಒಂದು ದಿನ ಮಕ್ಕಳು ಅವಳನ್ನು ಕುಡಿಯುವ ನೀರಿನ ಕೊಡದ ಹತ್ತಿರ ಬಿಡಲಿಲ್ಲ. ಆ ದಿನ ಚತುರ್ದಶಿ, ನಾನು ಪ್ರೋಷಧೋಪವಾಸದಲ್ಲಿದ್ದೆ. ಕಲಹಕ್ಕೆ ಸಿಲುಕಿದರೆ ಪರಿಣಾಮ ಕೆಡುವುದೆಂದು ನನಗೆ ನಾನೇ ಹೇಳಿಕೊಂಡು, ನೋಡಿಯೂ ನೋಡದವನಂತೆ ಹಾಜರಿ ಪುಸ್ತಕ ತೆರೆದೆ. ವಾಸ್ತವವಾಗಿ ನನಗೆ ಊರವರ ಭಯ. ತಿಂಗಳೊಳಗೆ ಅಜ್ಜಿಯೂ ಮೊಮ್ಮಗಳೂ ಊರು ಬಿಟ್ಟರು. ನನ್ನ ಉಪವಾಸ ಮಾತ್ರ ನಿರ್ವಿಘ್ನವಾಗಿ ನೆರವೇರಿತು. ಮಾರನೆಯ ದಿನ ಪಾರಣೆ ಮಾಡಿ ತೃಪ್ತಿಯಿಂದಲೇ ಇದ್ದೆ.

ಹಿಂಸೆಯು ಪ್ರಮಾದದಿಂದ ಆಗುವುದೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದವನು ನಾನು. ಯಾರಿಗೂ ಕೇಡು ಮಾಡಬೇಡ ಎನ್ನುವ ಆ ಇಂಗ್ಲಿಷ್ ಹುಡುಗಿಯ ನೀತಿಗಿಂತ ನಮ್ಮದು ಸೂಕ್ಷ್ಮ ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಅವಳ ನೀತಿ ಕೇಡಿನ ಲೆಕ್ಕವನ್ನು ಹೊರಗೆ ಇಡುತ್ತದೆ. ನಮ್ಮದು ಮಾಡುವವನ ಭಾವದಲ್ಲಿ ಇಡುತ್ತದೆ. ಮೂರು ಪಾಲಾಗಿ ಹಿಂದಿರುಗುವ ತನಕ ಕಾಯಬೇಕಾಗಿಲ್ಲ. ಭಾವ ಕೆಟ್ಟ ಕ್ಷಣವೇ ಬಂಧ. ಅಷ್ಟು ಸೂಕ್ಷ್ಮವಾದದ್ದನ್ನು ತಿಳಿದವನು ಕೊಡದ ಹತ್ತಿರ ನಾಲ್ಕು ಹೆಜ್ಜೆ ಇಡಲಿಲ್ಲ.

ಹುಡುಗಿಗೆ ಕೊನೆಗೆ ಪತ್ರ ಬರೆದೆ. ಶಬ್ದ ಒಂದೇ ಆದರೂ ಅರ್ಥ ಬೇರೆಯೆಂದು ಸ್ನೇಹಿತೆಗೆ ಹೇಳು. ನಮ್ಮ ಮುನಿಗಳು ಪಡೆಯುವುದಕ್ಕಾಗಿ ಕಳಚಿದವರಲ್ಲ, ಬಿಟ್ಟದ್ದರ ಕೊನೆಯಲ್ಲಿ ಅಲ್ಲಿಗೆ ತಲುಪಿದವರು ಎಂದು ವಿವರಿಸು. ಆದರೆ ಶ್ರಾವಕರೆಲ್ಲ ಹಾಗೆಂದು ಹೇಳಬೇಡ, ಅದು ಅಸತ್ಯವಾದೀತು ಎಂದು ಬರೆದೆ. 'ಮಾಟಗಾತಿ' ಎಂದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಕ್ಷಮಾವಾಣಿಯ ದಿನ ಆಗಲೇ ಕಳೆದುಹೋಗಿತ್ತು.

ಆ ಶ್ರಾವಿಕೆಯವರು ಮತ್ತೊಂದನ್ನು ಕೇಳಿದ್ದರು: ಬೇಡಿಕೆಯಿಟ್ಟು ಹಿಡಿದ ನೋಂಪಿಯನ್ನು ನಡುವೆ ಬಿಡಬೇಕೇ? ಬಿಡಬೇಕಾಗಿಲ್ಲ. ಹಿಡಿದ ವ್ರತವನ್ನು ಮುರಿಯುವುದು ಮತ್ತೊಂದು ದೋಷ. ಬೇಡಿಕೆಯನ್ನು ಆಲೋಚನೆ ಮಾಡಿ, ಎಂದರೆ ದೋಷವೆಂದು ಬಾಯಿಬಿಟ್ಟು ಒಪ್ಪಿಕೊಂಡು, ಉಳಿದ ದಿನಗಳನ್ನು ಬೇಡಿಕೆಯಿಲ್ಲದೆ ಪೂರೈಸಿ ಉದ್ಯಾಪನೆ ಮಾಡಬಹುದು. ಅವರಿಗೆ ಇನ್ನು ಮೂರು ಅಷ್ಟಮಿಗಳು ಉಳಿದಿವೆಯಂತೆ.