ತಗ್ಗಿಸುವುದಕ್ಕಾಗಿ ಏರಿಸಿದ ಬೆಲೆ

ಅಸತ್ಯವನ್ನು ನುಡಿಯುವುದಕ್ಕೆ ಅಸತ್ಯವಾದ ಮಾತೇ ಬೇಕೆಂಬ ನಿಯಮವಿಲ್ಲ. ಆಡಿದ ಮಾತು ಒಂದೊಂದೂ ನಿಜವೇ ಆಗಿದ್ದು, ಅವುಗಳನ್ನು ಜೋಡಿಸಿದ ಕ್ರಮದಿಂದಲೇ ಕೇಳುವವನ ಮನದಲ್ಲಿ ಸುಳ್ಳು ನೆಲೆಗೊಳ್ಳುವಂತೆ ಮಾಡಬಹುದು. ಹಾಗೆ ಮಾಡಿದವನನ್ನು ಸತ್ಯವಂತನೆನ್ನಬೇಕೆ, ಅಲ್ಲವೆನ್ನಬೇಕೆ? ಈ ಪ್ರಶ್ನೆ ನ್ಯಾಯಸ್ಥಾನಕ್ಕೆ ಮಾತ್ರ ಸೇರಿದ್ದಲ್ಲ. ಗಲ್ಲೆಯ ಮುಂದೆ ಕುಳಿತು ವ್ಯಾಪಾರವನ್ನೇ ಕಾಯಕವೆಂದು ನಡೆಸುವ ಗೃಹಸ್ಥನು ದಿನವೂ ಎದುರಿಸತಕ್ಕ ಪ್ರಶ್ನೆಯಿದು.

ಆಸ್ಟ್ರೇಲಿಯಾ ದೇಶದಲ್ಲಿ ನಡೆದ ಒಂದು ವ್ಯವಹಾರವು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯ ಸ್ಪರ್ಧಾ ಮತ್ತು ಗ್ರಾಹಕ ಆಯೋಗವು 2024ರ ಸೆಪ್ಟೆಂಬರಿನಲ್ಲಿ ವೂಲ್ವರ್ತ್ಸ್, ಕೋಲ್ಸ್ ಎಂಬ ಎರಡು ದೊಡ್ಡ ಅಂಗಡಿ ಸಂಸ್ಥೆಗಳ ಮೇಲೆ ದಾವೆ ಹೂಡಿತು. ಆಯೋಗವು ಎತ್ತಿ ತೋರಿದ ವಸ್ತುಗಳಲ್ಲಿ ಒಂದು, 370 ಗ್ರಾಂ ತೂಕದ ಬಿಸ್ಕತ್ತಿನ ಪೊಟ್ಟಣ. ಅದು 2021ರ ಆರಂಭದಿಂದ 2022ರ ನವೆಂಬರ್ 27ರವರೆಗೆ ವೂಲ್ವರ್ತ್ಸಿನಲ್ಲಿ ಮೂರೂವರೆ ಡಾಲರಿಗೆ ದೊರೆಯುತ್ತಿದ್ದಿತು. ಮರುದಿನ ಬೆಲೆ ಐದು ಡಾಲರಿಗೆ ಏರಿತು. ಹಾಗೆ ಇಪ್ಪತ್ತೆರಡು ದಿನ ನಿಂತು, ಡಿಸೆಂಬರ್ 20ರಂದು ‘ಬೆಲೆ ಇಳಿದಿದೆ, ಮೊದಲು ಐದು, ಈಗ ನಾಲ್ಕೂವರೆ’ ಎಂಬ ಚೀಟಿಯೊಡನೆ ಕಾಣಿಸಿಕೊಂಡಿತು. ಇಳಿದ ಬೆಲೆಯೆಂದು ಸಂತೋಷದಿಂದ ಕೊಂಡವನು, ಬಹುಕಾಲ ನಡೆದುಬಂದಿದ್ದ ಬೆಲೆಗಿಂತ ನೂರಕ್ಕೆ ಸುಮಾರು 29ರಷ್ಟು ಹೆಚ್ಚೇ ತೆತ್ತನು. ಮುಂದೆ ಇಳಿಸಿ ತೋರಿಸುವ ಯೋಜನೆಯನ್ನು ಅನೇಕ ವಸ್ತುಗಳ ವಿಷಯದಲ್ಲಿ ಬೆಲೆ ಏರಿಸುವ ಮೊದಲೇ ಹಾಕಿಕೊಳ್ಳಲಾಗಿತ್ತೆಂದು ಆಯೋಗವು ಆರೋಪಿಸಿತು. ಸಂಸ್ಥೆಗಳು ಇದನ್ನು ಒಪ್ಪಲಿಲ್ಲ. ಅದು ಸರಕು ಒದಗಿಸುವವರೇ ದರ ಹೆಚ್ಚಿಸುತ್ತಿದ್ದ ಕಾಲವೆಂದು ಕೋಲ್ಸ್ ಹೇಳಿತು.

ದರ ಏರಿದ್ದು ನಿಜವೆಂದೇ ಇಟ್ಟುಕೊಳ್ಳೋಣ. ಆಗ ಮೂರೂವರೆಯನ್ನು ನಾಲ್ಕೂವರೆಗೆ ಏರಿಸಿ, ಏರಿದೆಯೆಂದು ಹೇಳಿ ಮಾರಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಏರಿಕೆಯನ್ನು ಇಳಿಕೆಯ ವೇಷದಲ್ಲಿ ತೋರಿಸುವ ಅಗತ್ಯವೇಕೆ ಬರಬೇಕು? ಇಲ್ಲಿ ವ್ಯಾಪಾರಿಯ ಪರವಾಗಿ ಒಂದು ಮಾತು ಬರುತ್ತದೆ: ‘ಐದು ಡಾಲರ್ ಬೆಲೆ ಇದ್ದದ್ದು ನಿಜ, ಈಗ ನಾಲ್ಕೂವರೆ ಆದದ್ದೂ ನಿಜ, ಕೊಳ್ಳುವವನು ಕಣ್ಣಾರೆ ನೋಡಿ ಒಪ್ಪಿ ಕೊಂಡಿದ್ದಾನೆ.’ ನಮ್ಮ ಸಂತೆಗಳಲ್ಲಿಯೂ ಬಟ್ಟೆಯವನು ಹತ್ತು ಹೇಳಿ ಆರಕ್ಕೆ ಇಳಿಯುವುದುಂಟಲ್ಲ ಎಂದೂ ಕೇಳಬಹುದು. ಆದರೆ ಸಂತೆಯ ಚೌಕಾಶಿಯಲ್ಲಿ ಹತ್ತೆಂಬುದು ಕೇಳಿಕೆ ಮಾತ್ರ. ಅದು ಹಾಗೆಂದು ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ‘ಮೊದಲು ಇಷ್ಟಿತ್ತು’ ಎಂದು ಬರೆದು ತೂಗುಹಾಕಿದ ಚೀಟಿಯು ಕೇಳಿಕೆಯಲ್ಲ, ಸಾಕ್ಷ್ಯ. ಅದು ಕಳೆದ ಕಾಲವನ್ನು ಕುರಿತು ನುಡಿಯುತ್ತದೆ. ಕೊಳ್ಳುವವನು ಅದನ್ನು ಅಲ್ಲಿಯೇ ಪರೀಕ್ಷಿಸಲಾರನು, ನಂಬಬೇಕು. ಆ ನಂಬಿಕೆಯನ್ನು ಬಳಸಿಕೊಳ್ಳುವುದಕ್ಕಾಗಿಯೇ ಸಾಕ್ಷಿಯನ್ನು ಸೃಷ್ಟಿಸಿದ ಮೇಲೆ, ಅವನು ಒಪ್ಪಿಕೊಂಡನೆಂಬ ಮಾತಿಗೆ ಬೆಲೆ ಉಳಿಯುವುದಿಲ್ಲ.

ಶರಣರ ಪರಂಪರೆಯಲ್ಲಿ ನುಲಿಯ ಚಂದಯ್ಯನ ಕಥೆ ಪ್ರಸಿದ್ಧವಾದುದು. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ದಾಸೋಹ ನಡೆಸುತ್ತಿದ್ದವನು ಆತ. ಆ ಹಗ್ಗಕ್ಕೆ ಸಲ್ಲುವುದಕ್ಕಿಂತ ಅಧಿಕವಾದ ಹಣ ಬಂದಾಗ ಆತನು ಅದನ್ನು ಒಪ್ಪಲಿಲ್ಲವೆಂದು ಕಥೆ ಹೇಳುತ್ತದೆ. ಅಲ್ಲಿ ಕೊಟ್ಟವನು ಭಕ್ತಿಯಿಂದ ಕೊಟ್ಟಿದ್ದನು, ವಂಚನೆಯ ಲೇಶವೂ ಇರಲಿಲ್ಲ ಎಂಬುದು ಗಮನಿಸತಕ್ಕ ಅಂಶ. ಕೊಡುವವನ ಇಚ್ಛೆಯೊಂದೇ ಬೆಲೆಯನ್ನು ನ್ಯಾಯವಾಗಿಸುವಂತಿದ್ದರೆ ಚಂದಯ್ಯನಿಗೆ ಆಕ್ಷೇಪಿಸಲು ಕಾರಣವೇ ಇರಲಿಲ್ಲ.

ಹೋದದ್ದು ಒಂದು ಡಾಲರಷ್ಟೆ ಎನ್ನುವವರುಂಟು. ಹಾನಿ ಅಷ್ಟಕ್ಕೇ ಮುಗಿಯುವುದಿಲ್ಲ. ಬೆಲೆಯನ್ನು ಏರಿಸದೆ ಇಳಿಸದೆ ವರ್ಷವಿಡೀ ಒಂದೇ ದರಕ್ಕೆ ಮಾರುತ್ತಿರುವ ಪಕ್ಕದ ಅಂಗಡಿಯವನು ಈ ಚೀಟಿಯ ಎದುರಿನಲ್ಲಿ ದುಬಾರಿಯವನಾಗಿ ಕಾಣುತ್ತಾನೆ. ಅಮೆರಿಕದ ಜೆ. ಸಿ. ಪೆನ್ನಿ ಎಂಬ ಹಳೆಯ ಸಂಸ್ಥೆ 2012ರ ಫೆಬ್ರುವರಿಯಲ್ಲಿ, ರಾನ್ ಜಾನ್ಸನ್ನನ ಆಡಳಿತದಲ್ಲಿ, ಏರಿಸಿ ಇಳಿಸುವ ಪದ್ಧತಿಯನ್ನು ಬಿಟ್ಟು ನೇರವಾದ ಬೆಲೆಗಳನ್ನು ಬರೆಯತೊಡಗಿತು. ಬಂದದ್ದು ಗೌರವವಲ್ಲ, ನಷ್ಟ. ಆ ವರ್ಷ ಮಾರಾಟವು ಸುಮಾರು ಕಾಲುಭಾಗ ಕುಸಿಯಿತು. 2013ರ ಏಪ್ರಿಲಿನಲ್ಲಿ ಜಾನ್ಸನ್ ಅಧಿಕಾರ ಬಿಡಬೇಕಾಯಿತು. ಅವನು ಮಾಡಿದ ಬೇರೆ ಬದಲಾವಣೆಗಳೂ ಇದಕ್ಕೆ ಕಾರಣವಾಗಿರಬಹುದು. ಆದರೂ ಗ್ರಾಹಕರಲ್ಲಿ ಅನೇಕರಿಗೆ ಬೇಕಾದದ್ದು ಕಡಿಮೆ ಬೆಲೆಯಲ್ಲ, ಬೆಲೆ ಕಡಿಮೆಯಾಯಿತೆಂಬ ಸುಖ ಎಂಬುದನ್ನು ಅಲ್ಲಗಳೆಯುವುದು ಕಷ್ಟ. ವಂಚನೆಯ ಪಾಪವನ್ನೆಲ್ಲ ವ್ಯಾಪಾರಿಯ ತಲೆಗೇ ಕಟ್ಟುವ ಮೊದಲು ಕೊಳ್ಳುವವನು ತನ್ನ ಆಸೆಯ ಪಾಲೆಷ್ಟೆಂದು ನೋಡಿಕೊಳ್ಳುವುದು ಯುಕ್ತ. ಮಾರುವವನಿಗೆ ಇದರಿಂದ ಕ್ಷಮೆ ದೊರೆಯುವುದೆಂದು ಮಾತ್ರ ಭಾವಿಸಬಾರದು. ದುರ್ಬಲತೆಯನ್ನು ಬಲ್ಲವನು ಅದನ್ನು ಬಳಸಿದರೆ ದೋಷ ಹೆಚ್ಚುವುದೇ ಹೊರತು ತಗ್ಗದು.

ಯುರೋಪಿನ ಒಕ್ಕೂಟದಲ್ಲಿ 2022ರ ಮೇ 28ರಿಂದ ಒಂದು ನಿಯಮ ಜಾರಿಗೆ ಬಂದಿತು: ರಿಯಾಯಿತಿ ಸಾರುವವನು ಹಿಂದಿನ ಬೆಲೆಯೆಂದು ತೋರಿಸತಕ್ಕದ್ದು, ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿ ತಾನು ಮಾರಿದ ಅತ್ಯಂತ ಕಡಿಮೆ ಬೆಲೆಯನ್ನು. ಜರ್ಮನಿಯ ಅಂಗಡಿಯೊಂದು ಬಾಳೆಹಣ್ಣು, ಅನಾನಸುಗಳ ಜಾಹೀರಾತಿನಲ್ಲಿ ಆ ಬೆಲೆಯನ್ನು ಸಣ್ಣ ಅಕ್ಷರದಲ್ಲಿ ಅಚ್ಚುಮಾಡಿ, ರಿಯಾಯಿತಿಯ ಲೆಕ್ಕವನ್ನು ಬೇರೊಂದು ಬೆಲೆಯಿಂದ ಹಾಕಿತು. ಲೆಕ್ಕವನ್ನೂ ಆ ಕಡಿಮೆ ಬೆಲೆಯಿಂದಲೇ ಹಾಕತಕ್ಕದ್ದೆಂದು ಒಕ್ಕೂಟದ ನ್ಯಾಯಾಲಯವು 2024ರ ಸೆಪ್ಟೆಂಬರ್ 26ರಂದು ತೀರ್ಪಿತ್ತಿತು. ನಮ್ಮಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಅಚ್ಚುಮಾಡಬೇಕು. ಹಬ್ಬದ ರಿಯಾಯಿತಿಗಳನ್ನು ಸಾಮಾನ್ಯವಾಗಿ ಅದರಿಂದಲೇ ಕಳೆದು ತೋರಿಸುತ್ತಾರೆ. ಆ ಅಂಕಿಯು ಮೀರಬಾರದ ಮೇರೆ. ಆ ದರಕ್ಕೆ ವಸ್ತುವು ಎಂದಾದರೂ ಮಾರಾಟವಾಗಿತ್ತೆಂಬುದಕ್ಕೆ ಸಾಕ್ಷಿಯಲ್ಲ. ನಿಜವಾದ ಹಿಂದಿನ ಬೆಲೆ ಸಿಕ್ಕುವುದು ಮನೆಯ ಲೆಕ್ಕದ ಪುಸ್ತಕದಲ್ಲಿ, ಹೋದ ತಿಂಗಳು ತೊಗರಿಬೇಳೆಗೆ ಕೊಟ್ಟದ್ದೆಷ್ಟೆಂದು ಗೃಹಿಣಿಯು ಬರೆದಿಟ್ಟ ಪುಟದಲ್ಲಿ.