ಪಾತ್ರವೂ ಪಾತ್ರಧಾರಿಯೂ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ತಂಗಿಯ ಮಗನು ಬೆಂಗಳೂರಿನಿಂದ ಬಂದಿದ್ದನು. ಅವನೂ ಅವನ ಮೂವರು ಗೆಳೆಯರೂ ನಮ್ಮ ನಡುಮನೆಯ ಮೇಜಿನ ಸುತ್ತ ಕುಳಿತು, ನಡುರಾತ್ರಿಯವರೆಗೆ ದಾಳಗಳನ್ನು ಉರುಳಿಸುತ್ತ, ಇಲ್ಲದ ಗುಹೆಗಳಲ್ಲಿ ಇಲ್ಲದ ರಾಕ್ಷಸರೊಡನೆ ಹೋರಾಡುತ್ತಿದ್ದರು. ಆಟವನ್ನು ನಾನು ಕಂಡ ಕೂಡಲೆ ಗುರುತಿಸಿದೆನು. ಮುದುಕನಿಗೆ ಇದು ಗೊತ್ತೆಂದು ಹುಡುಗರಿಗೆ ಆಶ್ಚರ್ಯವಾಯಿತು. "ಮಾವ, ನಿಮ್ಮ ಮೊದಲನೆಯ ಕ್ಯಾರಕ್ಟರ್ ಯಾವುದು?" ಎಂದು ಸೋದರಳಿಯನು ಕೇಳಿದನು. ಹೆಸರು ಹೇಳಿದೆನು, ಕತ್ತಿ ಹಿಡಿದ ಯೋಧನೆಂದು ಹೇಳಿದೆನು. "ಕೊನೆಗೆ ಏನಾದ?" "ಬದುಕಿಕೊಂಡ" ಎಂದೆನು. ಹುಡುಗರು ಮೆಚ್ಚಿ ತಲೆದೂಗಿದರು. ಆ ಕಾಲದ ಆಟದಲ್ಲಿ ಮೊದಲನೆಯ ಪಾತ್ರವು ಬದುಕಿ ಉಳಿಯುವುದು ಅಷ್ಟು ಸುಲಭವಲ್ಲವೆಂಬುದನ್ನು ಅವರೂ ಬಲ್ಲರು. ಹೇಗೆ ಬದುಕಿಕೊಂಡನೆಂಬುದನ್ನು ಮಾತ್ರ ನಾನು ಹೇಳಲಿಲ್ಲ. ಅಂದು ಹೇಳದೆ ಬಿಟ್ಟದ್ದನ್ನು ಕುರಿತೇ ಈ ಲೇಖನ.

ವಾಚಕರಲ್ಲಿ ಅನೇಕರು ಈ ಆಟವನ್ನು ನೋಡಿರಲಾರರಾದುದರಿಂದ ಎರಡು ಮಾತು ಅವಶ್ಯ. ಇದರ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿರುವ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸನೂ ನೆರೆಯ ಮಿನ್ನೆಸೋಟದ ಡೇವ್ ಆರ್ನೆಸನನೂ ಕೂಡಿ ಇದನ್ನು ರಚಿಸಿದರು. 1974ರಲ್ಲಿ ಮೂರು ಕಿರುಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿದರು; ಮೊದಲನೆಯ ಮುದ್ರಣ ಒಂದು ಸಾವಿರ ಪ್ರತಿ. ಅದಕ್ಕೆ ಮೊದಲು ಇಬ್ಬರೂ ಸಣ್ಣ ಸಣ್ಣ ಸಿಪಾಯಿಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಯುದ್ಧದ ಆಟವಾಡುತ್ತಿದ್ದವರು. ಅಲ್ಲಿ ಒಬ್ಬ ಆಟಗಾರನಿಗೆ ಒಂದು ಸೈನ್ಯ. ಹೊಸ ಆಟದಲ್ಲಿ ಒಬ್ಬ ಆಟಗಾರನಿಗೆ ಒಬ್ಬನೇ ಮನುಷ್ಯ. ಈ ಒಂದು ಬದಲಾವಣೆಯಿಂದ ಎಲ್ಲವೂ ಬದಲಾಯಿತೆಂದು ನನ್ನ ಎಣಿಕೆ. ಸೈನ್ಯದಲ್ಲಿ ನೂರು ಮಂದಿ ಬಿದ್ದರೆ ಅದು ಲೆಕ್ಕ. ಒಬ್ಬನೇ ಇದ್ದು ಅವನು ಬಿದ್ದರೆ ಅದು ಸಾವು.

ಆಡುವ ಕ್ರಮ ಸರಳವಾದುದು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಸೂತ್ರಧಾರನು. ಅವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. "ಮುಂದೆ ಒಂದು ಬಾಗಿಲು, ಒಳಗಿನಿಂದ ಗೊರಕೆ ಕೇಳಿಸುತ್ತಿದೆ, ಏನು ಮಾಡುತ್ತೀರಿ?" ಎಂದು ಅವನು ಕೇಳುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರಗಳ ಪರವಾಗಿ ಉತ್ತರ ಕೊಡುತ್ತಾರೆ. ಮಾಡಿದ್ದು ಕೈಗೂಡುವುದೋ ಇಲ್ಲವೋ ಎಂಬ ಸಂದೇಹವಿರುವಲ್ಲಿ ದಾಳ ಹೇಳಿದ್ದೇ ತೀರ್ಪು. ನಾಲ್ಕು ಮುಖದ ದಾಳದಿಂದ ಹಿಡಿದು ಇಪ್ಪತ್ತು ಮುಖದ ದಾಳದವರೆಗೆ ಬಗೆಬಗೆಯ ದಾಳಗಳುಂಟು. ವೇಷವಿಲ್ಲ, ರಂಗಸ್ಥಳವಿಲ್ಲ, ಕಂಠಪಾಠವಿಲ್ಲ. ಕುಳಿತಲ್ಲಿಯೇ ಆಶುವಾಗಿ ಮಾತು. ನಮ್ಮ ತಾಳಮದ್ದಳೆಯನ್ನು ಕೇಳಿ ಬೆಳೆದವನಿಗೆ ಇದು ಹೊಸದೆನಿಸಲಿಲ್ಲ. ಭೇದವೊಂದುಂಟು, ಅದನ್ನು ಮುಂದೆ ಹೇಳುತ್ತೇನೆ.

ಮೊದಲನೆಯ ಪಾತ್ರವೆಂಬುದು ಆಡಿದವರ ನೆನಪಿನಲ್ಲಿ ವಿಚಿತ್ರವಾಗಿ ನಿಲ್ಲುತ್ತದೆ. ಗೈಗ್ಯಾಕ್ಸನ ಮಗ ಅರ್ನೆಸ್ಟ್ ಎಂಬ ಹುಡುಗನು ತನ್ನ ಮಾಂತ್ರಿಕನಿಗೆ ಟೆನ್ಸರ್ ಎಂದು ಹೆಸರಿಟ್ಟನು. ಇಂಗ್ಲಿಷಿನಲ್ಲಿ ಬರೆದರೆ ಅದು ಅರ್ನೆಸ್ಟ್ ಎಂಬ ಹೆಸರಿನ ಅಕ್ಷರಗಳನ್ನೇ ಸ್ಥಾನಪಲ್ಲಟ ಮಾಡಿದ್ದು. ಇನ್ನೊಬ್ಬ ಮಗ ಲೂಕನ ಹಾಳೆಯಲ್ಲಿ ಪಾತ್ರದ ಹೆಸರೇ ಇರಲಿಲ್ಲವಂತೆ. ಗಂಡು ಎಂಬುದಕ್ಕೆ 'ಎಂ' ಎಂಬ ಅಕ್ಷರ, ಅದರ ಮುಂದೆ ಕುಲದ ಹೆಸರು 'ಎಲ್ಫ್'. ಎರಡೂ ಕೂಡಿ 'ಮೆಲ್ಫ್' ಎಂಬುದೇ ಹೆಸರಾಯಿತು. ಈ ಇಬ್ಬರ ಹೆಸರೂ ಆಟದ ಮಂತ್ರಗಳ ಪಟ್ಟಿಯಲ್ಲಿ ಸೇರಿ, ಆ ಮಕ್ಕಳನ್ನು ಕಂಡರಿಯದ ಲಕ್ಷಾಂತರ ಜನರ ಬಾಯಲ್ಲಿ ಇಂದಿಗೂ ಇದೆ. ಮೊದಲನೆಯ ಪಾತ್ರವನ್ನು ಮಾಡುವಾಗ ನಾವು ದೂರ ಹೋಗುವುದಿಲ್ಲ; ನಮ್ಮ ಅಕ್ಷರಗಳನ್ನೇ ಅತ್ತಿತ್ತ ಕದಲಿಸಿ ಇದು ಬೇರೊಬ್ಬನೆಂದು ನಂಬುತ್ತೇವೆ.

ನಾನು 1983ರಲ್ಲಿ ವಿದ್ಯಾಭ್ಯಾಸಕ್ಕಾಗಿ ಅದೇ ವಿಸ್ಕಾನ್ಸಿನ್ ಸಂಸ್ಥಾನಕ್ಕೆ ಹೋಗಿದ್ದೆನು. ಮರುವರ್ಷದ ಚಳಿಗಾಲದಲ್ಲಿ, ಹೊರಗೆ ಮೊಳಕಾಲುದ್ದ ಹಿಮ ಬಿದ್ದಿರುವಾಗ, ನನ್ನ ಕೊಠಡಿಯ ಗೆಳೆಯನು ಕೆಂಪು ಪೆಟ್ಟಿಗೆಯೊಂದನ್ನು ತಂದನು. ಮೂರು ದಾಳಗಳನ್ನು ಆರು ಸಲ ಉರುಳಿಸಿ ಆರು ಗುಣಗಳನ್ನು ಗೊತ್ತುಮಾಡಿಕೊಳ್ಳಬೇಕು. ನನಗೆ ಬಲ 14 ಬಂದಿತು, ವಿವೇಕ 7. ಬಂದುದನ್ನು ಒಪ್ಪಿಕೊಳ್ಳಬೇಕಷ್ಟೆ, ಹುಟ್ಟಿನಲ್ಲಿಯೂ ಹಾಗೆಯೇ ಅಲ್ಲವೆ? ಆದರೆ ಹೆಸರನ್ನು ಆರಿಸುವ ಸ್ವಾತಂತ್ರ್ಯ ನನ್ನದು. ನಾನು ಆರಿಸಿದ ಹೆಸರು ಕುಮಾರರಾಮ. ಗಂಡುಗಲಿ ಎಂದು ನಾಡು ಹಾಡಿ ಹೊಗಳುವ ಕಂಪಿಲಿಯ ಕುಮಾರರಾಮನೇ. ಆ ಮನೆತನದ ಕೀರ್ತಿ ಯಾವುದರಿಂದ ಬಂದಿತೆಂಬುದನ್ನು ವಾಚಕರು ಬಲ್ಲರು. ದೆಹಲಿಯ ಮೇಲೆ ದಂಗೆಯೆದ್ದು ಸೋತು ಓಡಿಬಂದ ಬಹಾವುದ್ದೀನನಿಗೆ ಕಂಪಿಲರಾಯನು ಆಶ್ರಯ ಕೊಟ್ಟನು. ಮಹಮ್ಮದ್ ಬಿನ್ ತುಘಲಕನ ಸೈನ್ಯ ಬಂದಾಗಲೂ ಅವನನ್ನು ಹಿಡಿದುಕೊಡಲಿಲ್ಲ. 1327ರ ಸುಮಾರಿನಲ್ಲಿ ರಾಜ್ಯವೇ ಹಾಳಾಯಿತು. ಬೇರೆ ದೇಶದಲ್ಲಿ, ಬೇರೆ ಭಾಷೆಯವರ ನಡುವೆ, ಆ ಹೆಸರನ್ನು ಬರೆದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಗೆಳೆಯನ ಪಾತ್ರವು ಹಾಫ್ಲಿಂಗ್ ಎಂಬ ಕುಳ್ಳ ಜಾತಿಯವನು. ಎರಡನೆಯ ವಾರ ನಾನು ಏಟು ತಿಂದು ಬಿದ್ದಿದ್ದಾಗ, ಜೀವಬಲದ ಅಂಕ ಒಂದೇ ಉಳಿದಿದ್ದ ಆ ಕುಳ್ಳನು ಹಿಂದಿರುಗಿ ಬಂದು ನನ್ನನ್ನು ಕಾಲು ಹಿಡಿದು ಎಳೆದುಕೊಂಡು ಹೋದನು. ನಾಲ್ಕನೆಯ ವಾರ ಒಂದು ಕಂದಕದ ಅಂಚಿಗೆ ಬಂದೆವು. ಮೂವತ್ತು ಅಡಿ ಕೆಳಗೆ ಏನೋ ಹೊಳೆಯುತ್ತಿತ್ತು. ಕುಳ್ಳನು ಹಗ್ಗ ಹಿಡಿದು ಇಳಿದನು. ಬಲಶಾಲಿಯಾದ ನಾನು ಮೇಲೆ ಹಗ್ಗ ಹಿಡಿದು ನಿಂತೆನು. ಉಳಿದಿಬ್ಬರು ದೂರದಲ್ಲಿದ್ದರು. ಆಗ ಕತ್ತಲೆಯಿಂದ ಓಗರ್ ಎಂಬ ದೈತ್ಯನು ಹೊರಬಂದನು. ನನ್ನ ಜೀವಬಲ 3. ಅದು ಸೊನ್ನೆಯಾದರೆ ಮರಣ; ದೈತ್ಯನ ಒಂದು ಏಟು ಸಾಕು. "ಹಗ್ಗ ಹಿಡಿದು ನಿಂತರೆ ಮೊದಲ ಏಟು ನಿನಗೆ. ಏನು ಮಾಡುತ್ತೀಯೆ?" ಎಂದು ಸೂತ್ರಧಾರನು ಕೇಳಿದನು.

"ಹಗ್ಗ ಬಿಟ್ಟು ಓಡುತ್ತೇನೆ" ಎಂದೆನು. ಯೋಚಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.

ಮೂವತ್ತು ಅಡಿಗೆ ಮೂರು ದಾಳ. ಗೆಳೆಯನೇ ಉರುಳಿಸಿದನು, ಎಣಿಸಿದನು, ಹೊಸದೊಂದು ಹಾಳೆಯನ್ನು ತೆಗೆದುಕೊಂಡನು. ಆ ರಾತ್ರಿ ಚಹದ ಬಟ್ಟಲುಗಳನ್ನು ತೊಳೆಯುವಾಗ, "ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ" ಎಂದನು. ಅದು ನಿಜವಲ್ಲವೆಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಈಗ ಪ್ರಶ್ನೆ: ಹಗ್ಗವನ್ನು ಬಿಟ್ಟವರು ಯಾರು?

ಇದು ಪ್ರಶ್ನೆಯೇ ಅಲ್ಲ, ಆಟದಲ್ಲಿ ನಡೆದುದು ಆಟ, ಬಿದ್ದವನೂ ಇಲ್ಲ ಬಿಟ್ಟವನೂ ಇಲ್ಲ ಎಂದು ಒಡನೆಯೇ ಪೂರ್ವಪಕ್ಷ ಏಳುವುದು. ದುರ್ಯೋಧನನ ಅರ್ಥ ಹೇಳಿದವನನ್ನು ಯಾರಾದರೂ ದ್ರೋಹಿಯೆನ್ನುವರೆ? ಇಲ್ಲ. ನಾನು ಮೇಲೆ ಹೇಳಿದ ಭೇದವು ಇಲ್ಲಿ ಬರುತ್ತದೆ. ತಾಳಮದ್ದಳೆಯ ಅರ್ಥಧಾರಿಗೆ ಮಾತು ಸ್ವತಂತ್ರ, ಕಥೆ ಸ್ವತಂತ್ರವಲ್ಲ. ಕರ್ಣನು ಎಷ್ಟೇ ಚೆನ್ನಾಗಿ ವಾದಿಸಲಿ, ರಥದ ಚಕ್ರ ಹೂತೇ ತೀರುವುದು, ಪ್ರಸಂಗವನ್ನು ಬರೆದಿಟ್ಟಾಗಿದೆ. ಆದುದರಿಂದ ಅಲ್ಲಿ ಪಾತ್ರದ ಪಾಪವು ಪಾತ್ರಧಾರಿಗೆ ಅಂಟದು. ನನ್ನ ಮೇಜಿನ ಮೇಲೆ ಪ್ರಸಂಗವಿರಲಿಲ್ಲ. ಕೇಳಿದ್ದು ನನ್ನನ್ನು, ಉತ್ತರ ಹುಟ್ಟಿದ್ದು ನನ್ನಲ್ಲಿ.

ರಸವು ಎಲ್ಲಿರುತ್ತದೆ, ಮೂಲಪುರುಷನಾದ ರಾಮನಲ್ಲಿಯೆ, ನಟನಲ್ಲಿಯೆ, ನೋಡುವ ಸಹೃದಯನಲ್ಲಿಯೆ ಎಂದು ಲೊಲ್ಲಟ, ಶಂಕುಕ, ಭಟ್ಟನಾಯಕ, ಅಭಿನವಗುಪ್ತರು ಮಾಡಿದ ವಾದವು ಪ್ರಸಿದ್ಧವಾಗಿದೆ. ಅವರು ಬೇರೆಬೇರೆಯಾಗಿ ನಿಲ್ಲಿಸಿದ ಸ್ಥಾನಗಳೆಲ್ಲ ಈ ಆಟದಲ್ಲಿ ಒಬ್ಬನಲ್ಲಿಯೇ ಬಂದು ಸೇರುತ್ತವೆ. ಕವಿಯೂ ಅವನೇ, ನಟನೂ ಅವನೇ, ನೋಡಿ ನಡುಗುವವನೂ ಅವನೇ. ರಂಗದ ದುಃಖವು ನಮ್ಮದಲ್ಲದ್ದರಿಂದಲೇ ನಾವು ಅದನ್ನು ಸವಿಯುತ್ತೇವೆಂಬುದು ಅವರ ಸಿದ್ಧಾಂತದ ಜೀವಾಳ. ಹಗ್ಗ ಬಿಟ್ಟ ಸಂಕಟವನ್ನು ನಾನು ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಸವಿದಿಲ್ಲ.

ಈ ಆಟದ ನಿಯಮಗಳಲ್ಲಿ ನನ್ನನ್ನು ಬಹಳವಾಗಿ ಕಾಡಿದ್ದು ಒಂದಿದೆ. ಆ ಕೆಂಪು ಪೆಟ್ಟಿಗೆಯ ಪುಸ್ತಕದಲ್ಲಿ ಪ್ರತಿಯೊಂದು ಪ್ರಾಣಿಗೂ ರಾಕ್ಷಸನಿಗೂ ಎರಡರಿಂದ ಹನ್ನೆರಡರವರೆಗೆ ಒಂದು ಧೈರ್ಯದ ಅಂಕವುಂಟು. ಕಾಳಗ ಕೆಟ್ಟಾಗ ಸೂತ್ರಧಾರನು ಎರಡು ದಾಳಗಳನ್ನು ಉರುಳಿಸುತ್ತಾನೆ. ಬಿದ್ದ ಸಂಖ್ಯೆ ಆ ಅಂಕವನ್ನು ಮೀರಿದರೆ ಅವು ಓಡುತ್ತವೆ ಅಥವಾ ಶರಣಾಗುತ್ತವೆ. ಸಂಬಳಕ್ಕೆ ಗೊತ್ತುಮಾಡಿಕೊಂಡ ಆಳುಗಳಿಗೂ ಧೈರ್ಯದ ಅಂಕವಿದೆ. ಆಟಗಾರರ ಪಾತ್ರಗಳಿಗೆ ಮಾತ್ರ ಅದಿಲ್ಲ. ಬಲವನ್ನೂ ಬುದ್ಧಿಯನ್ನೂ ಗಾಯವನ್ನೂ ಮರಣವನ್ನೂ ದಾಳಕ್ಕೆ ಒಪ್ಪಿಸಿದವರು, ನಿಲ್ಲುವುದೋ ಓಡುವುದೋ ಎಂಬುದನ್ನು ಮಾತ್ರ ಮೇಜಿನಲ್ಲಿ ಕುಳಿತ ಮನುಷ್ಯನಿಗೆ ಬಿಟ್ಟರು. ವಿವೇಕ 7 ಎಂದು ದಾಳ ಹೇಳಿತ್ತು, ನಿಜ. ಹೇಡಿಯೆಂದು ಯಾವ ದಾಳವೂ ಹೇಳಿರಲಿಲ್ಲ. ದೈತ್ಯನು ಬಂದದ್ದು ದೈವವಾದರೆ ಹಗ್ಗ ಬಿಟ್ಟದ್ದು ಪುರುಷಕಾರ.

ಆದರೂ ಇಷ್ಟರಿಂದ ಸಮಾಧಾನವಾಗಲಿಲ್ಲ. ಏಕೆಂದರೆ ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದುದು. ನಾನು ಹಗ್ಗವನ್ನು ಬಿಡದೆ ನಿಂತಿದ್ದರೆ, ಅದನ್ನು ನನ್ನ ಶೌರ್ಯವೆಂದು ಹೇಳಿಕೊಳ್ಳಬಹುದಾಗಿತ್ತೆ? ಹೇಳಿಕೊಂಡರೆ ಜನ ನಗುತ್ತಿದ್ದರು. ಬೆಚ್ಚನೆಯ ಕೊಠಡಿಯಲ್ಲಿ ಚಹ ಕುಡಿಯುತ್ತ ದೈತ್ಯನನ್ನು ಎದುರಿಸುವುದು ಯಾವ ಶೌರ್ಯ? ಹಾಗಾದರೆ ಮಾನವು ಸಲ್ಲದ ಕಡೆಯಲ್ಲಿ ಅವಮಾನ ಮಾತ್ರ ಹೇಗೆ ಸಂದೀತು? ಈ ಪ್ರಶ್ನೆಯನ್ನು ಬಹುಕಾಲ ಹಿಡಿದು ನನ್ನನ್ನು ನಾನು ಬಿಡಿಸಿಕೊಂಡಿದ್ದೆನು.

ಈಗ ನನಗೆ ತೋರುವುದು ಬೇರೆ. ನಿಜವಾದ ಅಪಾಯದಲ್ಲಿ ಓಡಿದವನಿಗೆ ದೇಹವೆಂಬ ಒಂದು ನೆವವಿದೆ. ಕಾಲು ತಾನಾಗಿ ಓಡುತ್ತದೆ, ಎದೆ ತಾನಾಗಿ ಬಡಿಯುತ್ತದೆ. ಅವನನ್ನು ತೀರ ಹಳಿಯುವುದು ನ್ಯಾಯವಲ್ಲ. ನನಗೆ ಆ ನೆವವಿರಲಿಲ್ಲ. ಕಳೆದುಕೊಳ್ಳಲು ಇದ್ದದ್ದು ಒಂದು ಹಾಳೆ. ಅದರ ಮೇಲೆ ಸೀಸದಕಡ್ಡಿಯಲ್ಲಿ ಬರೆದ ಆರು ಅಂಕಿ ಮತ್ತು ಒಂದು ಹೆಸರು. ಅಷ್ಟನ್ನು ಉಳಿಸಿಕೊಳ್ಳುವುದಕ್ಕಾಗಿ, ತನ್ನ ಹಾಳೆಯನ್ನು ನನಗಾಗಿ ಪಣವಿಟ್ಟಿದ್ದವನನ್ನು ಬಿಟ್ಟೆನು. ಸಾವಿರ ರೂಪಾಯಿ ಕೊಡಲಾರದವನನ್ನು ಜಿಪುಣನೆನ್ನಲಾಗದು, ಅವನ ಕಷ್ಟ ಏನೋ. ಕಾಸು ಕೊಡಲಾರದವನ ವಿಷಯದಲ್ಲಿ ಸಂದೇಹಕ್ಕೆ ಎಡೆಯೆಲ್ಲಿ? ಕಾಸು ಕೊಟ್ಟವನು ದಾನಿಯಾಗುವುದಿಲ್ಲವೆಂಬುದೂ ಅಷ್ಟೇ ನಿಜ. ಎರಡೂ ಒಟ್ಟಿಗೆ ನಿಲ್ಲುತ್ತವೆ.

1980ರ ದಶಕದಲ್ಲಿ ಆ ದೇಶದ ಕೆಲವು ತಂದೆತಾಯಿಗಳೂ ಧರ್ಮೋಪದೇಶಕರೂ ಈ ಆಟವು ಮಕ್ಕಳಿಗೆ ಮಾಟಮಂತ್ರ ಕಲಿಸುತ್ತದೆ, ದೆವ್ವದ ಪೂಜೆಗೆ ಎಳೆಯುತ್ತದೆ ಎಂದು ದೊಡ್ಡ ಗದ್ದಲವೆಬ್ಬಿಸಿದ್ದರು. ಅವರ ಭಯ ಹುಸಿಯಾಯಿತು. ಆಟ ನನಗೆ ಏನನ್ನೂ ಕಲಿಸಲಿಲ್ಲ, ಇದ್ದುದನ್ನು ತೋರಿಸಿತು. ಅದೇ ಕೆಂಪು ಪೆಟ್ಟಿಗೆಯ ಪುಸ್ತಕವು ಹೊಸಬನಿಗೆ ಆಟ ಹೇಳಿಕೊಡಲೆಂದು ಒಂದು ಕಥೆಯಿಂದ ಆರಂಭವಾಗುತ್ತದೆ. ಅದರಲ್ಲಿ ಅಲೀನಾ ಎಂಬ ಸಾಧ್ವಿ ಗುಹೆಯಲ್ಲಿ ಜೊತೆಯಾಗಿ, ಗಾಯ ಮಾಯಿಸಿ, ಕೆಲವೇ ಪುಟಗಳಲ್ಲಿ ಬಾರ್ಗಲ್ ಎಂಬ ದುಷ್ಟ ಮಾಂತ್ರಿಕನ ಕೈಯಲ್ಲಿ ಸಾಯುತ್ತಾಳೆ. ಅವಳಿಗಾಗಿ ಇಂದಿಗೂ ಮರುಗುವ ನರೆಗೂದಲಿನ ಗಂಡಸರುಂಟು. ಅವರನ್ನು ಕಂಡು ನನಗೆ ನಗು ಬರುವುದಿಲ್ಲ.

ಹೇಳಬೇಕೋ ಬೇಡವೋ ಎಂದು ಅನುಮಾನಿಸುತ್ತಿದ್ದ ಮಾತನ್ನೂ ಹೇಳಿಬಿಡುತ್ತೇನೆ. ಊರಿಗೆ ಹಿಂದಿರುಗಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ, 1997ರಲ್ಲಿ, ಕಚೇರಿಯಲ್ಲಿ ಒಂದು ಲೆಕ್ಕ ತಪ್ಪಿತು. ಮಾಡಿದವನು ನನಗಿಂತ ಕಿರಿಯನೊಬ್ಬ. ನೋಡಿ ಸರಿಯೆಂದು ರುಜು ಹಾಕಿದವನು ನಾನು. ಸಭೆಯಲ್ಲಿ ಮೇಲಧಿಕಾರಿಯು ಅವನೊಬ್ಬನನ್ನೇ ನಿಲ್ಲಿಸಿ ಕೇಳಿದನು. ಅವನು ಒಮ್ಮೆ ನನ್ನ ಕಡೆಗೆ ನೋಡಿದನು. ನಾನು ಎದುರಿಗಿದ್ದ ಕಾಗದಗಳನ್ನು ಸರಿಪಡಿಸುತ್ತಿದ್ದೆನು. ತಿಂಗಳೊಳಗೆ ಅವನು ಕೆಲಸ ಬಿಟ್ಟು ಹೋದನು. ಆ ಸಂಜೆ ಮನೆಗೆ ಬರುವಾಗ, ಹದಿಮೂರು ವರ್ಷಗಳಿಂದ ನೆನೆಯದಿದ್ದ ಕಂದಕವು ಕಣ್ಣ ಮುಂದೆ ಬಂದಿತು. ಗೆಳೆಯನು ದಾಳ ಉರುಳಿಸಿದ ಸದ್ದೂ ಕೇಳಿಸಿದಂತಾಯಿತು. ಅಂದು ಹಗ್ಗ ಬಿಟ್ಟದ್ದರಿಂದ ಇಂದು ಬಾಯಿ ಮುಚ್ಚಿದೆನೆಂದು ನಾನು ಹೇಳುವುದಿಲ್ಲ. ಒಂದು ಇನ್ನೊಂದಕ್ಕೆ ಕಾರಣವೆನ್ನಲು ನನ್ನಲ್ಲಿ ಆಧಾರವಿಲ್ಲ. ಆದರೆ ಮೊದಲನೆಯ ಸಲವೇ ಒಬ್ಬನು ನನಗೆ ಕನ್ನಡಿ ಹಿಡಿದಿದ್ದನು. ನಾನು ಅದನ್ನು ಆಟದ ಸಾಮಾನೆಂದು ಪೆಟ್ಟಿಗೆಗೆ ಹಾಕಿದೆನು.

ಕುಮಾರರಾಮನಿಗೆ ಮುಂದೆ ಏನಾಯಿತೆಂದರೆ, ಏನೂ ಆಗಲಿಲ್ಲ. ಪರೀಕ್ಷೆಗಳು ಬಂದವು, ಗುಂಪು ಚದುರಿತು, ಆಟ ನಿಂತಿತು. ಅವನು ಈಗಲೂ ಆ ಗುಹೆಯ ಬಾಯಲ್ಲಿ ಏದುಸಿರು ಬಿಡುತ್ತ ನಿಂತಿರಬೇಕು.

ಸೋದರಳಿಯನು ಯುಗಾದಿಗೆ ಮತ್ತೆ ಬರುವನಂತೆ. ನನ್ನನ್ನೂ ಆಟಕ್ಕೆ ಸೇರಿಸಿಕೊಳ್ಳುವನಂತೆ. "ಹೊಸ ಪಾತ್ರ ಮಾಡೋಣವೆ ಮಾವ, ಹಳೆಯದೇ ಇರಲಿಯೆ?" ಎಂದು ಕೇಳಿದ್ದಾನೆ. ನಿನ್ನೆ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಹುಡುಕಿದೆನು. ಹಾಳೆ ಹಳದಿಯಾಗಿದೆ. ಜೀವಬಲದ ಮನೆಯಲ್ಲಿ ಅಂಕಿಯನ್ನು ಅಳಿಸಿ ಬರೆದು, ಬರೆದು ಅಳಿಸಿ ಕಾಗದವು ತೆಳುವಾಗಿದೆ. 3 ಇನ್ನೂ ಓದಬರುತ್ತದೆ. ಅದರ ಕೆಳಗೆ ಸಾಮಾನುಗಳ ಪಟ್ಟಿ: ಕತ್ತಿ, ಗುರಾಣಿ, ಪಂಜು ಆರು, ಹಗ್ಗ ಐವತ್ತು ಅಡಿ. ಹಗ್ಗವನ್ನು ನಾನು ಹೊಡೆದುಹಾಕಿರಲೇ ಇಲ್ಲ.