ಗರ್ಭಿಣಿಯ ಪ್ರಾಣ ಮತ್ತು ಗರ್ಭದ ಜೀವ

ಗರ್ಭಪಾತದ ನೈತಿಕತೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಗರ್ಭಕ್ಕೆ ಜೀವ ಬರುವುದು ಯಾವಾಗ ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ. ಇದಕ್ಕೊಂದು ಉತ್ತರ ದೊರೆತರೆ ಉಳಿದದ್ದೆಲ್ಲ ತಾನಾಗಿಯೇ ತೀರ್ಮಾನವಾಗುತ್ತದೆ ಎಂಬ ನಂಬಿಕೆ ಅದರ ಹಿಂದಿರುತ್ತದೆ. ಭಾರತೀಯ ವೈದ್ಯಶಾಸ್ತ್ರವನ್ನೂ ಧರ್ಮಶಾಸ್ತ್ರವನ್ನೂ ಜೊತೆಗಿಟ್ಟು ಓದಿದರೆ ಈ ನಂಬಿಕೆ ನಿಲ್ಲುವುದು ಕಷ್ಟ. ಚರಕಸಂಹಿತೆಯ ಶಾರೀರಸ್ಥಾನದ ಪ್ರಕಾರ ಶುಕ್ರ ಮತ್ತು ಶೋಣಿತಗಳು, ಅಂದರೆ ತಂದೆಯ ಬೀಜ ಮತ್ತು ತಾಯಿಯ ಆರ್ತವ, ಗರ್ಭಾಶಯದಲ್ಲಿ ಕೂಡಿದಾಗಲೇ ಜೀವವೂ ಮನಸ್ಸಿನೊಡನೆ ಅಲ್ಲಿಗೆ ಇಳಿದುಬರುತ್ತದೆ. ಈ ಮೂರರ ಕೂಟಕ್ಕೇ ಗರ್ಭವೆಂದು ಹೆಸರು. ಸುಶ್ರುತಸಂಹಿತೆಯಾದರೋ ನಾಲ್ಕನೆಯ ತಿಂಗಳಲ್ಲಿ ಹೃದಯ ರೂಪುಗೊಂಡು ಚೈತನ್ಯ ವ್ಯಕ್ತವಾಗುತ್ತದೆ, ಆಗಿನಿಂದ ಗರ್ಭವು ತನ್ನ ಆಸೆಗಳನ್ನು ತಾಯಿಯ ಮೂಲಕ ತೋರಿಸಿಕೊಳ್ಳುತ್ತದೆ ಎನ್ನುತ್ತದೆ. ಬಸುರಿಯ ಬಯಕೆಯನ್ನು ತೀರಿಸದೆ ಬಿಡಬಾರದೆಂದು ಕನ್ನಡ ನಾಡಿನ ಹಿರಿಯ ಹೆಂಗಸರು ಇಂದಿಗೂ ಹೇಳುವ ಮಾತು ಈ ಶಾಸ್ತ್ರವಾಕ್ಯಕ್ಕೆ ಬಹಳ ದೂರದ್ದಲ್ಲ. ಅಂತೂ ಎರಡೂ ಗ್ರಂಥಗಳ ದೃಷ್ಟಿಯಲ್ಲಿ ಗರ್ಭವೆಂಬುದು ಬರಿಯ ಮಾಂಸಪಿಂಡವಲ್ಲ.

ಹೀಗಿದ್ದೂ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಹದಿನೈದನೆಯ ಅಧ್ಯಾಯ ಬೇರೆಯೇ ದಾರಿಯಲ್ಲಿ ಯೋಚಿಸುತ್ತದೆ. ಮೂಢಗರ್ಭ, ಅಂದರೆ ಹೆರಿಗೆಯ ಹಾದಿಯಲ್ಲಿ ಅಡ್ಡಲಾಗಿಯೋ ಓರೆಯಾಗಿಯೋ ಸಿಕ್ಕಿಕೊಂಡು ಹೊರಬರಲಾರದ ಗರ್ಭ, ಈ ಅಧ್ಯಾಯದ ವಿಷಯ. ಕಣ್ಣಿಗೆ ಕಾಣದ ಜಾಗದಲ್ಲಿ ಬರಿಯ ಕೈಸ್ಪರ್ಶವನ್ನು ನಂಬಿ ಮಾಡಬೇಕಾದ ಈ ಕೆಲಸಕ್ಕಿಂತ ಕಠಿಣವಾದುದು ಶಲ್ಯವೈದ್ಯನಿಗೆ ಇನ್ನೊಂದಿಲ್ಲವೆಂದು ಅದು ಮೊದಲೇ ಒಪ್ಪಿಕೊಳ್ಳುತ್ತದೆ. ಗರ್ಭ ಸತ್ತಿದ್ದರೆ ಕ್ಷಣವೂ ತಡಮಾಡದೆ ಅದನ್ನು ಕತ್ತರಿಸಿ ತೆಗೆಯಬೇಕು, ಇಲ್ಲವಾದರೆ ತಾಯಿ ಬೇಗನೆ ಸಾಯುತ್ತಾಳೆ. ಕತ್ತರಿಸುವಾಗ ದುಂಡುಮೊನೆಯ ಮಂಡಲಾಗ್ರವೆಂಬ ಶಸ್ತ್ರವನ್ನು ಬಳಸಬೇಕೇ ಹೊರತು ಚೂಪುಮೊನೆಯ ವೃದ್ಧಿಪತ್ರವನ್ನಲ್ಲ, ಏಕೆಂದರೆ ಅದು ಹೆಂಗಸಿಗೆ ಗಾಯಮಾಡೀತು. ಬದುಕಿರುವ ಗರ್ಭವನ್ನು ಎಂದಿಗೂ ಸೀಳಕೂಡದೆಂಬ ನಿಷೇಧವೂ ಇಲ್ಲಿದೆ, ಆದರೆ ಅದಕ್ಕೆ ಕೊಟ್ಟಿರುವ ಕಾರಣ ಗಮನಿಸತಕ್ಕದ್ದು: ಹಾಗೆ ಸೀಳಿದರೆ ತಾಯಿ ಮಗು ಎರಡೂ ಉಳಿಯುವುದಿಲ್ಲ. ರೋಗವು ಸಹಿಸಲಾಗದ ಮಟ್ಟಕ್ಕೆ ಮುಟ್ಟಿದಾಗ ಗರ್ಭವನ್ನು ಬೀಳಿಸುವುದೇ ಮೇಲು, ಗರ್ಭಿಣಿಯನ್ನು ಕಳೆದುಕೊಳ್ಳುವುದಲ್ಲ ಎಂಬ ವಿಧಿಯೂ ಅದೇ ಅಧ್ಯಾಯದ್ದು. ಜೀವ ಎಂದು ಬಂತು, ಎಷ್ಟು ಬಲಿತಿದೆ ಎಂಬ ವಿಚಾರಣೆಯನ್ನು ಈ ವಿಧಿ ಎತ್ತುವುದೇ ಇಲ್ಲ. ಹೆರಿಗೆ ಕಷ್ಟವಾದಾಗ ಶಿಶುವಿನ ಹೆಚ್ಚಿನ ಭಾಗ ಹೊರಬರುವ ತನಕ ತಾಯಿಯ ಪ್ರಾಣವೇ ಮೊದಲು ಎಂದು ಯಹೂದಿಗಳ ಮಿಷ್ನಾ ಗ್ರಂಥ ವಿಧಿಸಿರುವುದನ್ನು ನೋಡಿದರೆ, ಹೆರಿಗೆಯ ಅಪಾಯವನ್ನು ಹತ್ತಿರದಿಂದ ಬಲ್ಲವರು ಬೇರೆಬೇರೆ ನಾಡುಗಳಲ್ಲಿ ಇಂಥದೇ ನಿರ್ಣಯಕ್ಕೆ ಬಂದಿದ್ದರೆಂದು ತೋರುತ್ತದೆ.

ಸ್ಮೃತಿಗಳ ಸ್ವರ ಇದಕ್ಕಿಂತ ಕಠೋರವಾದುದು. ಭ್ರೂಣಹತ್ಯೆಯನ್ನು ಅವು ಮಹಾಪಾತಕಗಳ ಸಾಲಿನಲ್ಲಿ ಇಡುತ್ತವೆ, ಗರ್ಭವನ್ನು ಕೊಂದ ಹೆಂಗಸನ್ನು ಗಂಡನನ್ನು ಕೊಂದವಳೊಡನೆ ಸೇರಿಸಿ ಪತಿತಳೆನ್ನುತ್ತವೆ. ಆದರೆ ಈ ಕಾಠಿಣ್ಯವು ಜೀವಮಾತ್ರದ ಮೇಲಣ ಗೌರವದಿಂದ ಹುಟ್ಟಿದ್ದೆಂದು ಹೇಳುವುದಕ್ಕೆ ಆಧಾರ ಸಾಲದು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಗಂಡೋ ಹೆಣ್ಣೋ ತಿಳಿಯದ ಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಅದು ಬ್ರಾಹ್ಮಣ ಗಂಡಾಗಿರಬಹುದು ಎಂಬ ಸಂಭವವೇ ಆ ವಿಧಿಯ ಹಿಂದಿನ ತರ್ಕ. ಹಾಗಾದರೆ ಪಾಪದ ಭಾರವನ್ನು ನಿರ್ಧರಿಸುವುದು ಗರ್ಭದ ವರ್ಣ ಮತ್ತು ಲಿಂಗ. ಇನ್ನು ಐದನೆಯ ಅಧ್ಯಾಯದ ಅಶೌಚ ಪ್ರಕರಣ, ಅಂದರೆ ಜನನ ಮರಣಗಳಿಂದ ಬರುವ ಸೂತಕದ ನಿಯಮ, ಗರ್ಭಸ್ರಾವವಾದವಳು ಎಷ್ಟು ತಿಂಗಳ ಗರ್ಭಿಣಿಯೋ ಅಷ್ಟು ರಾತ್ರಿಗಳಲ್ಲಿ ಶುದ್ಧಳಾಗುತ್ತಾಳೆ ಎನ್ನುತ್ತದೆ. ಮೂರು ತಿಂಗಳ ಗರ್ಭವೂ ಹುಟ್ಟಿದ ಮಗುವೂ ಎಲ್ಲ ವಿಧದಲ್ಲೂ ಸಮವೆಂದು ಭಾವಿಸಿದ್ದರೆ ಇಂಥ ಏರುಲೆಕ್ಕಕ್ಕೆ ಎಡೆಯಿರುತ್ತಿರಲಿಲ್ಲ. ವಂಶವನ್ನು ಕಾಯುವ ನೀತಿ ಜೀವವನ್ನು ಕಾಯುವ ನೀತಿಯಂತೆಯೇ ಮಾತನಾಡಬಲ್ಲದು, ಆದರೆ ಅದು ಕಾಯುವುದು ಗಂಡುಜೀವವನ್ನು. ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲೇ ಬಂದಿದ್ದರೂ, 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿದಾಗ, ಬಹುಕಾಲ ಭ್ರೂಣಹತ್ಯೆಯನ್ನು ಮಹಾಪಾಪವೆಂದು ಕೇಳುತ್ತ ಬಂದ ಸಮಾಜದಲ್ಲಿ ಆ ಮಾತು ಹೆಣ್ಣುಭ್ರೂಣವನ್ನು ಕಾಪಾಡಲಾರದೆ ಹೋದುದು ಕಾಣಿಸಿತು.

ಜೀವದ ಸಮಾನತೆಯನ್ನು ವರ್ಣಲಿಂಗಗಳ ಭೇದವಿಲ್ಲದೆ ಕೊನೆಯ ತನಕ ಎತ್ತಿಹಿಡಿದದ್ದು ಆಧುನಿಕ ಕ್ಯಾಥೊಲಿಕ್ ಧರ್ಮಚಿಂತನೆ. ಅದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಯೇ ಮುಂದೆ ಹೋಗಬೇಕು. ಅರಿಸ್ಟಾಟಲನನ್ನು ಅನುಸರಿಸಿದ ಥಾಮಸ್ ಅಕ್ವಿನಾಸನಿಗೆ ಗರ್ಭವು ಕೆಲಕಾಲ ಬೆಳೆದ ಮೇಲಷ್ಟೇ ಮನುಷ್ಯಾತ್ಮ ಅದನ್ನು ಸೇರುತ್ತದೆ ಎಂಬ ಅಭಿಪ್ರಾಯವಿತ್ತು. 1869ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಗರ್ಭಪಾತದ ದಂಡನೆಯಲ್ಲಿ ಬಲಿತ ಗರ್ಭ, ಬಲಿಯದ ಗರ್ಭ ಎಂಬ ಭೇದವನ್ನು ತೆಗೆದುಹಾಕಿದರು. ತಾಯಿ ಅಪಾಯದಲ್ಲಿರುವ ಸಂದರ್ಭಗಳಿಗೆ ಈ ಚಿಂತನೆಯು ದ್ವಿಪರಿಣಾಮ ಸಿದ್ಧಾಂತವನ್ನು ಆಶ್ರಯಿಸುತ್ತದೆ: ಒಳ್ಳೆಯದನ್ನು ಉದ್ದೇಶಿಸಿ ಮಾಡಿದ ಕೆಲಸದಿಂದ ಉದ್ದೇಶಿಸದ ಕೇಡೊಂದು ಜೊತೆಗೆ ಬಂದರೆ ಅದನ್ನು ಸಹಿಸಬಹುದು, ಆದರೆ ಕೇಡನ್ನೇ ಸಾಧನವಾಗಿ ಬಳಸುವಂತಿಲ್ಲ. ಅಂಡನಾಳದಲ್ಲಿ ಗರ್ಭ ನಿಂತಾಗ ರೋಗಗ್ರಸ್ತ ನಾಳವನ್ನು ಕತ್ತರಿಸಿ ತೆಗೆಯುವುದು ಹೀಗೆ ಸಮ್ಮತ, ಗರ್ಭವನ್ನಷ್ಟೇ ನೇರವಾಗಿ ನಾಶಮಾಡುವುದು ಅಸಮ್ಮತ. ಭ್ರೂಣ ಎರಡೂ ಸಂದರ್ಭಗಳಲ್ಲಿ ಉಳಿಯುವುದಿಲ್ಲ. ಹೆಂಗಸಿಗೆ ಆಗುವ ವ್ಯತ್ಯಾಸವೆಂದರೆ ಮೊದಲನೆಯದರಲ್ಲಿ ಅವಳು ಒಂದು ನಾಳವನ್ನೂ ಕಳೆದುಕೊಳ್ಳುತ್ತಾಳೆ.

ಈ ಚಿಂತನೆ 1983ರಲ್ಲಿ ಐರ್ಲೆಂಡಿನ ಸಂವಿಧಾನದೊಳಕ್ಕೆ ಬಂದು, ತಾಯಿಗೂ ಹುಟ್ಟದ ಶಿಶುವಿಗೂ ಜೀವಿಸುವ ಹಕ್ಕು ಸಮಾನವೆಂದು ಎಂಟನೆಯ ತಿದ್ದುಪಡಿ ಸಾರಿತು. 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಾಯಿಯ ಪ್ರಾಣಕ್ಕೆ ನಿಜವಾದ, ಗಣನೀಯ ಅಪಾಯವಿದ್ದರೆ ಮಾತ್ರ ಗರ್ಭಪಾತ ಸಲ್ಲುತ್ತದೆಂದು ಹೇಳಿ, ಪ್ರಾಣಾಪಾಯ ಬೇರೆ, ಆರೋಗ್ಯದ ಹಾನಿ ಬೇರೆ ಎಂದು ಗೆರೆ ಎಳೆಯಿತು. ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರಿಗೆ ಆ ಗೆರೆ ಎಷ್ಟು ಅಸ್ಪಷ್ಟವೆಂಬುದು 2012ರ ಅಕ್ಟೋಬರಿನಲ್ಲಿ ಗಾಲ್ವೇ ನಗರದಲ್ಲಿ ತಿಳಿಯಿತು. ಬೆಳಗಾವಿಯಿಂದ ಹೋಗಿ ಅಲ್ಲಿ ನೆಲೆಸಿದ್ದ ದಂತವೈದ್ಯೆ, 31 ವರ್ಷದ ಸವಿತಾ ಹಾಲಪ್ಪನವರ್ 17 ವಾರಗಳ ಗರ್ಭಿಣಿಯಾಗಿದ್ದಾಗ ಬೆನ್ನುನೋವೆಂದು ಅಕ್ಟೋಬರ್ 21ರಂದು ಆಸ್ಪತ್ರೆ ಸೇರಿದರು. ನೀರು ಒಡೆಯಿತು, ಗರ್ಭ ಉಳಿಯುವಂತಿಲ್ಲವೆಂಬುದು ಖಚಿತವಾಯಿತು, ಅವರೇ ಗರ್ಭಪಾತ ಮಾಡಿಸಿಕೊಡಿರೆಂದು ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದ್ದುದರಿಂದ ಆಗುವುದಿಲ್ಲವೆಂಬ ಉತ್ತರ ಬಂತು. ಬಡಿತ ತಾನಾಗಿ ನಿಂತಾಗ ಸೋಂಕು ರಕ್ತಕ್ಕೆ ಏರಿತ್ತು, 28ರಂದು ಅವರು ತೀರಿಕೊಂಡರು. ಸೋಂಕಿನ ಲಕ್ಷಣಗಳನ್ನು ಸಮಯಕ್ಕೆ ಗುರುತಿಸದ ಚಿಕಿತ್ಸಾಲೋಪವೂ ಇತ್ತೆಂದು ತನಿಖೆಗಳು ಹೇಳಿವೆ. ಇಂಥ ಸ್ಥಿತಿಯಲ್ಲಿ ಹೆರಿಗೆಯನ್ನು ಬೇಗ ಮಾಡಿಸುವುದಕ್ಕೆ ತಮ್ಮ ಧರ್ಮದ ಅಡ್ಡಿಯಿಲ್ಲವೆಂದು ವಾದಿಸುವ ಕ್ಯಾಥೊಲಿಕ್ ನೀತಿಜ್ಞರೂ ಇದ್ದಾರೆ. ಆದರೆ ಬಡಿತ ನಿಲ್ಲುವ ತನಕ ಕೈಹಾಕಬಾರದೆಂಬುದಕ್ಕೇ ಅತಿಯಾದ ಒತ್ತು ಬಿದ್ದಿತ್ತೆಂಬುದನ್ನೂ ಅಲ್ಲಿನ ಸರ್ಕಾರಿ ಆರೋಗ್ಯ ಸೇವಾ ಸಂಸ್ಥೆಯ ತನಿಖೆಯೇ ದಾಖಲಿಸಿತು. ಉಳಿಯಲಾರದ ಜೀವವೂ ಉಳಿಸಬಹುದಾಗಿದ್ದ ಜೀವವೂ ಸಮಾನವೆಂದಾಗ, ಸಮಾನತೆಯ ತತ್ತ್ವ ವೈದ್ಯರಿಗೆ ಹೇಳಿಕೊಟ್ಟದ್ದು ಕಾಯುವುದನ್ನು ಮಾತ್ರ. 2018ರ ಮೇ 25ರ ಜನಮತದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮತದಾರರು ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು.

ಇಷ್ಟರಿಂದ ಪ್ರಾಚೀನ ಭಾರತ ಹೆಂಗಸಿನ ಮಾತಿಗೆ ಬೆಲೆ ಕೊಟ್ಟಿತ್ತೆಂದು ಹೆಮ್ಮೆಪಡುವುದಕ್ಕೆ ಅವಕಾಶವಿಲ್ಲ. ಗರ್ಭಿಣಿಯ ಪ್ರಾಣವನ್ನು ಮೇಲಿಟ್ಟ ಸುಶ್ರುತಸಂಹಿತೆಯೇ ಮೂಢಗರ್ಭಕ್ಕೆ ಕೈಹಾಕುವ ಮೊದಲು ಅಧಿಪತಿಯನ್ನು, ಅಂದರೆ ಒಡೆಯನಾದವನನ್ನು, ಕೇಳಬೇಕೆನ್ನುತ್ತದೆಯೇ ಹೊರತು ನೋವುಣ್ಣುತ್ತಿರುವವಳನ್ನು ಕೇಳಬೇಕೆನ್ನುವುದಿಲ್ಲ. ಅವಳು ಅಲ್ಲಿ ಉಳಿಸಬೇಕಾದ ಪ್ರಾಣ ಮಾತ್ರ, ನಿರ್ಧರಿಸುವ ವ್ಯಕ್ತಿಯಲ್ಲ. ಆಧುನಿಕ ಭಾರತದ ಕಾನೂನಿಗೆ ಬಂದರೆ, ಗರ್ಭಪಾತವನ್ನು ಅಪರಾಧವಾಗಿಸಿ ಹೆಂಗಸಿಗೂ ಶಿಕ್ಷೆ ವಿಧಿಸಿದ್ದ 1860ರ ದಂಡಸಂಹಿತೆಗೆ ವಿನಾಯಿತಿಯಾಗಿ ಬಂದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಗಂಡನ ಒಪ್ಪಿಗೆಯನ್ನು ಬೇಡಲಿಲ್ಲ. ವಯಸ್ಕಳಾದವಳ ಒಪ್ಪಿಗೆಯೇ ಸಾಕೆಂದಿತು. ಆದರೆ ಅವಳ ಇಚ್ಛೆಯೊಂದೇ ಅದರಲ್ಲಿ ಕಾರಣವಾಗುವುದಿಲ್ಲ: 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರು, ಕೆಲವು ವರ್ಗದ ಹೆಂಗಸರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರು, ಗರ್ಭ ಮುಂದುವರಿದರೆ ಅವಳ ದೇಹಕ್ಕೋ ಮನಸ್ಸಿಗೋ ಹಾನಿಯಿದೆ, ಇಲ್ಲವೇ ಹುಟ್ಟುವ ಮಗುವಿಗೆ ತೀವ್ರ ವೈಕಲ್ಯದ ಸಂಭವವಿದೆ ಎಂದು ಅಭಿಪ್ರಾಯಪಡಬೇಕು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಭಾರತದ ಸುಪ್ರೀಂ ಕೋರ್ಟು ಈ ಅವಕಾಶವನ್ನು ಅವಿವಾಹಿತೆಯರಿಗೂ ಸಮನಾಗಿ ವಿಸ್ತರಿಸಿತು, ಕಾನೂನಿನಲ್ಲಿಲ್ಲದ ಮನೆಯವರ ಒಪ್ಪಿಗೆಯನ್ನು ವೈದ್ಯರು ಕೇಳಬಾರದೆಂದು ಎಚ್ಚರಿಸಿತು. ಮರುವರ್ಷ ಅಕ್ಟೋಬರಿನಲ್ಲಿ 26 ವಾರಗಳ ಗರ್ಭಿಣಿಯಾದ ವಿವಾಹಿತೆಯೊಬ್ಬರು ಅನುಮತಿ ಬೇಡಿದಾಗ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನಾಭಿಪ್ರಾಯಕ್ಕೆ ಬಂದರು, ಮೂವರ ಪೀಠ ಬೇಡಿಕೆಯನ್ನು ತಿರಸ್ಕರಿಸಿತು.